ಹನೋಯ್‌ನಲ್ಲಿ ನಮ್ಮ ಮೊದಲ ದಿನಗಳು: ಖಾಲಿ ಸರ್‌ನೇಮ್, ನೀಲಿ ನೋಟು, ಸೋನೆ ಮಳೆ

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅನ್ನುವ ಜಾಗ ಖಾಲಿ ಇದೆ. ನಮ್ಮ ಕಡೆ ತುಂಬಾ ಜನರದ್ದು ಹಾಗೇ. ಶಾಲೆಯ ದಾಖಲೆಯಲ್ಲಿ ಬರೀ ಇನಿಷಿಯಲ್ ಇತ್ತು. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಅಪ್ಪನ ಹೆಸರು ಬರೆದೆವು. ನನ್ನ ಹೆಸರು, ಅಪ್ಪನ ಹೆಸರು ಎರಡೂ ಗಿವನ್ ನೇಮ್ ಜಾಗದಲ್ಲೇ ಒಟ್ಟಿಗೆ ಕೂತಿವೆ. ಅದರಿಂದ ತೊಂದರೆ ಆಗಬಹುದು ಅಂತ ಇಷ್ಟು ವರ್ಷ ಹೊಳೆದಿರಲೇ ಇಲ್ಲ. ವಿಯೆಟ್ನಾಂ ಇ-ವೀಸಾ ಅರ್ಜಿ ತುಂಬಲು ಕೂತ ದಿನ ಹೊಳೆಯಿತು.

ನಾನು ಮತ್ತು ನನ್ನ ಯಜಮಾನರು ಫೆಬ್ರವರಿ ಎರಡನೇ ವಾರ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ವಿಯೆಟ್ನಾಂ ರಾಜಧಾನಿ ಹನೋಯ್‌ಗೆ ಹೋಗಿ ಬಂದೆವು. ಇಬ್ಬರಿಗೂ ಇದು ಮೊದಲ ವಿದೇಶ ಪ್ರವಾಸ. ಟೂರ್ ಕಂಪನಿ ಇಲ್ಲ, ಗೈಡ್ ಇಲ್ಲ. ಊರು ನೋಡಿದ ಕಥೆಗಿಂತ ಹೋಗುವ ಮೊದಲು ಮತ್ತು ಹೋದ ಮೂರು ದಿನ ನಾವು ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡೆವು ಅನ್ನುವುದನ್ನೇ ಬರೆಯುತ್ತೇನೆ. ನಮಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಹಣ, ಎಷ್ಟೋ ನಿದ್ದೆ ಉಳಿಯುತ್ತಿತ್ತು.

ಮೊದಲು ವೀಸಾ. ಭಾರತೀಯರಿಗೆ ಇ-ವೀಸಾ ಬೇಕೇ ಬೇಕು. ಒಂದು ಸಲ ಒಳಗೆ ಹೋಗುವುದಕ್ಕೆ ತಲಾ 25 ಡಾಲರ್, ಮತ್ತೆ ಮತ್ತೆ ಒಳಗೆ ಹೋಗಿ ಬಂದು ಮಾಡುವುದಕ್ಕೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಿದ್ದಾರೆ. ಅರ್ಜಿ ಹಾಕುವಾಗ ತಾಣದ ವಿಳಾಸ ಗಮನಿಸಿ. ಸರ್ಕಾರದ ತಾಣದ ವಿಳಾಸ ಡಾಟ್ ಗವ್ ಡಾಟ್ ವಿಎನ್ ಅಂತ ಮುಗಿಯುತ್ತದೆ. ಹುಡುಕಿದರೆ ಮೇಲೆ ಬರುವ ಎಷ್ಟೋ ತಾಣಗಳು ಏಜೆಂಟರದ್ದು, ದುಡ್ಡು ಎರಡು ಪಟ್ಟು.

ಅರ್ಜಿಯಲ್ಲಿ ಸರ್‌ನೇಮ್ ಕೇಳಿತು. ಸುಮ್ನೆ ಅಪ್ಪನ ಹೆಸರು ಹಾಕಿದೆ. ಒಂದು ವಾರಕ್ಕೆ ಇಬ್ಬರದ್ದೂ ವೀಸಾ ಬಂತು. ಖುಷಿಯಿಂದ ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಪಕ್ಕ ಇಟ್ಟು ನೋಡಿದರೆ ವೀಸಾದಲ್ಲಿ ಅಪ್ಪನ ಹೆಸರು ಮೊದಲು, ನನ್ನ ಹೆಸರು ಆಮೇಲೆ. ಪಾಸ್‌ಪೋರ್ಟಿನಲ್ಲಿ ನನ್ನದು ಮೊದಲು. "ಅಕ್ಷರ ಎಲ್ಲ ಅದೇ ಅಲ್ವಾ, ಬಿಡೇ" ಅಂದರು ಇವರು. ನನಗೆ ಧೈರ್ಯ ಬರಲಿಲ್ಲ. ಅಷ್ಟು ದೂರ ಹೋಗಿ ಕೌಂಟರಿನಲ್ಲಿ ನಿಲ್ಲಿಸಿಬಿಟ್ಟರೆ? ಮತ್ತೊಂದು ಅರ್ಜಿ ಹಾಕಿದೆ, ಹೆಸರು ಪಾಸ್‌ಪೋರ್ಟಿನ ಕ್ರಮದಲ್ಲೇ ಮುದ್ರಣವಾಗುವ ಹಾಗೆ. ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಹಾಗಾಗಿ 25 ಡಾಲರ್, ಅಂದರೆ ಎರಡು ಸಾವಿರ ರೂಪಾಯಿಗೂ ಮೇಲೆ, ಹೋಯಿತು.

ಹಣಕ್ಕಿಂತ ಕಷ್ಟವಾದದ್ದು ಕಾಯುವುದು. ಎರಡನೇ ಅರ್ಜಿ ಹಾಕಿದಾಗ ಅಲ್ಲಿ ಟೆಟ್ ಹಬ್ಬ ಹತ್ತಿರ ಬಂದಿತ್ತು. ಅದು ಅವರ ಹೊಸ ವರ್ಷ, ನಮ್ಮ ಯುಗಾದಿ ದೀಪಾವಳಿ ಎರಡೂ ಸೇರಿದಷ್ಟು ದೊಡ್ಡದು. ಕಚೇರಿಗಳಿಗೆ ಒಂದು ವಾರಕ್ಕೂ ಹೆಚ್ಚು ರಜೆ. ಮೂರು ಕೆಲಸದ ದಿನ ಅಂತ ಬರೆದಿರುವುದನ್ನು ನಂಬಿ ಕೂತಿದ್ದ ನನಗೆ ಆ ರಜೆಯ ವಿಷಯ ಗೊತ್ತೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಅರ್ಜಿಯ ಸಂಖ್ಯೆ ಹಾಕಿ ನೋಡುತ್ತಿದ್ದೆ. ಅತ್ತೆ ಅಷ್ಟರಲ್ಲಿ ಚಟ್ನಿಪುಡಿ, ಹುರಿದ ಅವಲಕ್ಕಿ ಎಲ್ಲ ಕಟ್ಟಿ ಇಟ್ಟಿದ್ದರು. ಅವನ್ನು ನೋಡಿದರೇ ಗಂಟಲು ಕಟ್ಟುತ್ತಿತ್ತು. ವಿಮಾನಕ್ಕೆ ನಾಲ್ಕು ದಿನ ಇರುವಾಗ ವೀಸಾ ಬಂತು. ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಹೋಗುವವರು ಆ ವರ್ಷದ ಟೆಟ್ ಯಾವತ್ತು ಅಂತ ಮೊದಲು ನೋಡಿಕೊಳ್ಳಿ. ಅದು ಚಾಂದ್ರಮಾನದ ಹಬ್ಬ, ಪ್ರತಿ ವರ್ಷ ತಾರೀಖು ಬದಲಾಗುತ್ತದೆ.

ಟಿಕೆಟ್ ಅಗ್ಗ ಅಂತ ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಒಂದು, ಅಲ್ಲಿಂದ ಹನೋಯ್‌ಗೆ ಇನ್ನೊಂದು, ಬೇರೆ ಬೇರೆ ಕಂಪನಿಯದ್ದು ತೆಗೆದುಕೊಂಡಿದ್ದೆವು. ಇಲ್ಲಿ ಎರಡನೇ ಪಾಠ. ಟಿಕೆಟ್ ಬೇರೆ ಬೇರೆ ಆದರೆ ಚೆಕ್-ಇನ್ ಮಾಡಿದ ಬ್ಯಾಗ್ ಮುಂದಿನ ವಿಮಾನಕ್ಕೆ ತಾನಾಗಿ ಹೋಗುವುದಿಲ್ಲ. ಮಲೇಷ್ಯಾದೊಳಗೆ ಇಳಿದು, ಇಮಿಗ್ರೇಷನ್ ದಾಟಿ, ಬ್ಯಾಗ್ ತೆಗೆದುಕೊಂಡು, ಮತ್ತೆ ಕೊಡಬೇಕು. ಇಬ್ಬರ ಬ್ಯಾಗೂ 7 ಕೆ.ಜಿ. ಒಳಗಿದ್ದರೆ ಕೈಯಲ್ಲೇ ಹಿಡಿದುಕೊಂಡು ಹೋಗಬಹುದಿತ್ತು. ಇವರದ್ದು ಒಂದೂವರೆ ಕೆ.ಜಿ. ಜಾಸ್ತಿ ಬಂತು.

ಬೆಂಗಳೂರಿನ ಕೌಂಟರಿನಲ್ಲಿದ್ದ ಹುಡುಗಿ "ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ ತೋರಿಸಿ ಮೇಡಂ" ಅಂದಾಗ ನಮಗೆ ಏನೂ ಅರ್ಥವಾಗಲಿಲ್ಲ. ಭಾರತೀಯರಿಗೆ ಅಲ್ಲಿ 30 ದಿನಕ್ಕೆ ವೀಸಾ ಬೇಡ, ಅದು ಗೊತ್ತಿತ್ತು. ಆದರೆ ದೇಶದೊಳಗೆ ಇಳಿಯುವವರು ಹೋಗುವುದಕ್ಕೆ ಮುಂಚಿನ ಮೂರು ದಿನದೊಳಗೆ ಆ ಕಾರ್ಡ್ ತುಂಬಬೇಕು. ಅದಕ್ಕೆ ದುಡ್ಡಿಲ್ಲ, ಹತ್ತು ನಿಮಿಷದ ಕೆಲಸ. ಸಾಲಿನಿಂದ ಪಕ್ಕಕ್ಕೆ ಸರಿದು, ಬ್ಯಾಗಿನ ಮೇಲೆ ಕೂತು, ನಡುಗುವ ಕೈಯಲ್ಲಿ ಫೋನಿನಲ್ಲಿ ತುಂಬಿದೆವು. ವಾಪಸ್ ಬಂದರೆ ನನ್ನ ಟಿಕೆಟಿನ ಹೆಸರು ನೋಡಿ ಆ ಹುಡುಗಿ ಮೇಲಿನವರನ್ನು ಕರೆದಳು. ಟಿಕೆಟಿನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿತ್ತು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ. ಅವರು ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರನ್ನೂ ಹರಡಿ ಒಂದೊಂದೇ ಅಕ್ಷರ ಬೆರಳಿಟ್ಟು ಓದಿದರು. ಇಪ್ಪತ್ತು ನಿಮಿಷ ಆಯಿತು. ಹೊಸ ವೀಸಾ ಪಾಸ್‌ಪೋರ್ಟಿಗೆ ಸರಿಹೊಂದಿದ್ದರಿಂದ ಬಿಟ್ಟರು. ಆ 25 ಡಾಲರ್ ಬಗ್ಗೆ ನನಗಿದ್ದ ಬೇಸರ ಅಲ್ಲೇ ಹೋಯಿತು. ವೀಸಾದ ಕಾಗದದ ಪ್ರತಿ, ವಾಪಸ್ ಬರುವ ಟಿಕೆಟ್, ಮೊದಲ ರಾತ್ರಿಯ ರೂಮಿನ ಬುಕಿಂಗ್, ಮೂರೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ನಮ್ಮನ್ನು ಮೂರನ್ನೂ ಕೇಳಿದರು.

ಕ್ವಾಲಾಲಂಪುರದಲ್ಲಿ ಇಮಿಗ್ರೇಷನ್ ಸಾಲು ಒಂದೂ ಮುಕ್ಕಾಲು ಗಂಟೆ. ಏಳು ಗಂಟೆ ಅಂತರ ಇಟ್ಟುಕೊಂಡಿದ್ದರಿಂದ ಬಚಾವಾದೆವು. ಮೂರು ನಾಲ್ಕು ಗಂಟೆ ಇಟ್ಟುಕೊಂಡು ಯಾರೂ ಈ ರೀತಿ ಟಿಕೆಟ್ ತೆಗೆಯಬೇಡಿ.

ಹನೋಯ್‌ನ ನೋಯಿ ಬಾಯ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಸಂಜೆ ಏಳೂವರೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ. ಇಮಿಗ್ರೇಷನ್‌ನಲ್ಲಿ ಒಂದು ಮಾತೂ ಕೇಳದೆ ಸೀಲ್ ಹೊಡೆದರು. ತಿಂಗಳಿಡೀ ಹೆದರಿದ್ದ ಕ್ಷಣ ಅರ್ಧ ನಿಮಿಷದಲ್ಲಿ ಮುಗಿದು ಹೋಯಿತು.

ಹೊರಗೆ ಬಂದ ಕೂಡಲೇ ಟ್ಯಾಕ್ಸಿಯವರು ಸುತ್ತಿಕೊಳ್ಳುತ್ತಾರೆ. ನಾವು 86ನೇ ನಂಬರಿನ ಕಿತ್ತಳೆ ಬಣ್ಣದ ಬಸ್ ಹಿಡಿದೆವು. ತಲಾ 45,000 ಡಾಂಗ್. ಕೇಳಿ ಗಾಬರಿಯಾಗಬೇಡಿ, ಅದು ಸುಮಾರು 155 ರೂಪಾಯಿ. ಊರು ಹೆಚ್ಚುಕಡಿಮೆ ಮೂವತ್ತು ಕಿಲೋಮೀಟರ್ ದೂರ ಇದೆ, ಆ ಲೆಕ್ಕಕ್ಕೆ ಇದು ತುಂಬಾ ಅಗ್ಗ. ಕೆಂಪು ನದಿಯ ಮೇಲಿನ ನ್ಯಾಟ್ ಟಾನ್ ಸೇತುವೆ ದಾಟುವಾಗ ಅದರ ತಂತಿಗಳಿಗೆಲ್ಲ ಬಣ್ಣದ ದೀಪ. ಇವರು ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದರು. ನಾವು ಲಾಂಗ್ ಬಿಯೆನ್‌ನಲ್ಲಿ ಇಳಿದೆವು, ಹಳೆ ಪೇಟೆ ಅಲ್ಲಿಂದ ನಡೆಯುವ ದೂರ.

ನಡೆಯುವ ದೂರ ಅಂದೆ, ಆದರೆ ನಮಗೆ ಒಂದು ಗಂಟೆ ಹಿಡಿಯಿತು. ಅಲ್ಲಿ ಒಂದೇ ನೇರ ರಸ್ತೆಗೆ ನೂರಿನ್ನೂರು ಹೆಜ್ಜೆಗೊಂದು ಹೆಸರು. ಹಾಂಗ್ ಡಾವೊ ಅಂತ ಶುರುವಾದದ್ದು ಸ್ವಲ್ಪ ಮುಂದೆ ಹಾಂಗ್ ಙಾಂಗ್, ಆಮೇಲೆ ಹಾಂಗ್ ಡುವಾಂಗ್, ಕೊನೆಗೆ ಡಾಂಗ್ ಶುವಾನ್. ಹಾಂಗ್ ಅಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಥಿಯೆಕ್ ತವರದ ಬೀದಿ, ಹಾಂಗ್ ಡುವಾಂಗ್ ಸಕ್ಕರೆಯ ಬೀದಿ. ನಮ್ಮ ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ. ಇದು ಗೊತ್ತಾದ ಮೇಲೆ ಊರು ಸುಲಭವಾಯಿತು. ಗೊತ್ತಿಲ್ಲದೆ ಆ ರಾತ್ರಿ ದಾರಿ ತಪ್ಪಿದೆವು ಅಂತ ಮತ್ತೆ ಮತ್ತೆ ಹಿಂದಕ್ಕೆ ಬರುತ್ತಿದ್ದೆವು.

ರೂಮು ಒಂದು ಸಣ್ಣ ಸಂದಿಯೊಳಗೆ. ಅಲ್ಲಿನ ಮನೆಗಳೇ ಹಾಗೆ, ಮುಂದೆ ಎರಡು ಮಾರು ಅಗಲ, ಹಿಂದಕ್ಕೆ ರೈಲು ಬೋಗಿಯಂತೆ ಉದ್ದ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ದಿನಕ್ಕೆ 4,50,000 ಡಾಂಗ್. ಯಜಮಾನಿ ನಗುತ್ತಾ ಇಬ್ಬರ ಪಾಸ್‌ಪೋರ್ಟೂ ತೆಗೆದುಕೊಂಡು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ನನಗೆ ಎದೆ ಧಸಕ್ ಅಂತು. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ ಅಂತ ಎಲ್ಲರೂ ಹೇಳಿ ಕಳಿಸಿದ್ದರು. ಫೋನಿನಲ್ಲಿ ಅನುವಾದ ಮಾಡಿ ಕೇಳಿದೆ. ತಂಗುವ ವಿದೇಶಿಯರ ವಿವರವನ್ನು ಪೊಲೀಸರಿಗೆ ದಾಖಲಿಸುವುದು ಅಲ್ಲಿನ ಕಾನೂನು. ದಾಖಲಿಸಿದ ಮೇಲೆ ವಾಪಸ್ ಕೊಡಿ ಅಂತ ಕೇಳಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಎರಡನೇ ಸಲ ಕೇಳುವುದಕ್ಕೆ ನನಗೆ ಸಂಕೋಚವಾಯಿತು. ಮೊದಲ ಪುಟ ಮತ್ತು ಸೀಲ್ ಬಿದ್ದ ಪುಟದ ಫೋಟೋ ತೆಗೆದುಕೊಂಡು ಮಲಗಿದೆ. ನಿದ್ದೆ ಸರಿಯಾಗಿ ಬರಲಿಲ್ಲ.

ಬೆಳಗ್ಗೆ ಎದ್ದರೆ ನೆಲ ಒದ್ದೆ. ಬಾತ್‌ರೂಮಿನ ನೀರು ಹೊರಗೆ ಬಂದಿದೆ ಅಂದುಕೊಂಡು ಒರೆಸಿದೆ. ಹತ್ತು ನಿಮಿಷಕ್ಕೆ ಮತ್ತೆ ಒದ್ದೆ. ನೋಡಿದರೆ ಗೋಡೆಯ ಮೇಲೂ ಸಣ್ಣ ಸಣ್ಣ ಹನಿ, ಕನ್ನಡಿಯ ಮೇಲೂ ಹನಿ. ಫೆಬ್ರವರಿ ಮಾರ್ಚಿನಲ್ಲಿ ಅಲ್ಲಿ ಸೋನೆ ಮಳೆ. ಗಾಳಿಯಲ್ಲಿ ಎಷ್ಟು ತೇವ ಅಂದರೆ ಟೈಲ್ಸ್ ಬೆವರುತ್ತದೆ. ಅದಕ್ಕೆ ಅವರು ನೋಮ್ ಅನ್ನುತ್ತಾರೆ. ನಾನು ಮಲೆನಾಡಿನ ಸಾಗರದ ಕಡೆಯವಳು, ಮಳೆಗಾಲದಲ್ಲಿ ಬಟ್ಟೆ ಒಣಗದಿರುವುದು ಹೊಸದಲ್ಲ. ಆದರೂ ಹಿಂದಿನ ರಾತ್ರಿ ಒಗೆದು ಹಾಕಿದ್ದ ಇವರ ಜೀನ್ಸ್ ಮೂರು ದಿನವಾದರೂ ಒಣಗಲಿಲ್ಲ. ಯಜಮಾನಿ ಬಂದು ಕಿಟಕಿ ಮುಚ್ಚಿ, ಎಸಿಯನ್ನು ಡ್ರೈ ಅನ್ನುವ ಕಡೆ ತಿರುಗಿಸಿ ಹೋದರು. ನಾವು ಗಾಳಿಯಾಡಲಿ ಅಂತ ಕಿಟಕಿ ತೆರೆದಿಟ್ಟದ್ದೇ ತಪ್ಪಾಗಿತ್ತು. ಈ ತಿಂಗಳಲ್ಲಿ ಹೋಗುವವರು ಜೀನ್ಸ್ ಬಿಟ್ಟು ತೆಳು ಪ್ಯಾಂಟ್ ಒಯ್ಯಿರಿ, ಜೊತೆಗೊಂದು ಸ್ವೆಟರ್. ಚಳಿಯೂ ಇರುತ್ತದೆ.

ಆ ದಿನದ ಮೊದಲ ಕೆಲಸ ಹಣ. ಇವರ ಕಾರ್ಡ್ ಎಟಿಎಂನಲ್ಲಿ ನಡೆಯಲೇ ಇಲ್ಲ. ಎರಡು ಮಷೀನ್, ನಾಲ್ಕು ಸಲ. ನಮ್ಮ ಕಾರ್ಡುಗಳನ್ನು ವಿದೇಶದಲ್ಲಿ ಬಳಸಬೇಕೆಂದರೆ ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಿಕೊಳ್ಳಬೇಕು, 2020ರಿಂದ ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಆ್ಯಪ್ ತೆರೆದರೆ ಓಟಿಪಿ ಕೇಳಿತು. ಓಟಿಪಿ ಬರುವುದು ಊರಿನ ಸಿಮ್‌ಗೆ. ಅದನ್ನು ವಿಮಾನ ನಿಲ್ದಾಣದಲ್ಲೇ ತೆಗೆದು ಅಲ್ಲಿನ ಸಿಮ್ ಹಾಕಿಯಾಗಿತ್ತು, ರೋಮಿಂಗ್ ಕೂಡ ಹಾಕಿಸಿರಲಿಲ್ಲ. ನನ್ನ ಕಾರ್ಡನ್ನು ವೀಸಾ ಹಣ ಕಟ್ಟುವುದಕ್ಕೆ ಅಂತ ಚಾಲೂ ಮಾಡಿದ್ದರಿಂದ ಅದರಲ್ಲಿ ಹಣ ಬಂತು. ಇಲ್ಲದಿದ್ದರೆ ಏನು ಮಾಡುತ್ತಿದ್ದೆವೋ. ಹೊರಡುವ ಮೊದಲು ಇಬ್ಬರ ಕಾರ್ಡೂ ಚಾಲೂ ಮಾಡಿ, ಒಬ್ಬರ ಊರಿನ ಸಿಮ್‌ಗಾದರೂ ರೋಮಿಂಗ್ ಹಾಕಿಸಿ.

ಕೈಗೆ ಬಂದದ್ದು ಲಕ್ಷಗಟ್ಟಲೆ ಹಣ. ಲೆಕ್ಕ ಸುಲಭ: ಮೂರು ಸೊನ್ನೆ ತೆಗೆದು ಸುಮಾರು ಮೂರೂವರೆಯಿಂದ ಗುಣಿಸಿದರೆ ರೂಪಾಯಿ. ಕಷ್ಟ ಇರುವುದು ನೋಟಿನಲ್ಲಿ. ಎಲ್ಲದರ ಮೇಲೂ ಅವರ ನಾಯಕ ಹೋ ಚಿ ಮಿನ್ ಅವರದ್ದೇ ಮುಖ. 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ. ಎರಡೂ ಪ್ಲಾಸ್ಟಿಕ್ಕಿನಂತೆ ನುಣುಪು. ಆ ಸಂಜೆ ಹೊವಾನ್ ಕಿಯೆಮ್ ಕೆರೆಯ ದಂಡೆಯಲ್ಲಿ ಕೆಂಡದ ಮೇಲೆ ಸುಡುತ್ತಿದ್ದ ಎರಡು ಜೋಳದ ತೆನೆ ತೆಗೆದುಕೊಂಡೆವು. ಮಬ್ಬು ಬೆಳಕು, ಮಳೆ ಬೇರೆ. ಇವರು ನೀಲಿ ನೋಟು ಕೊಟ್ಟರು, ಚಿಲ್ಲರೆ ಏನೂ ಬರಬೇಕಿಲ್ಲ ಅಂದುಕೊಂಡು ಬಂದೆವು. ರಾತ್ರಿ ಮಂಚದ ಮೇಲೆ ಹಣ ಹರಡಿ ಎಣಿಸಿದಾಗ ಒಂದು ದೊಡ್ಡ ನೋಟು ಕಡಿಮೆ.

"ರೀ, ಜೋಳಕ್ಕೆ ಕೊಟ್ಟದ್ದು ಯಾವುದು?"

ಇವರು ಮಾತಾಡಲಿಲ್ಲ. ಹೆಚ್ಚುಕಡಿಮೆ 1,700 ರೂಪಾಯಿಯ ನೋಟು. ಮಾರುತ್ತಿದ್ದವರಿಗೂ ಆ ಬೆಳಕಿನಲ್ಲಿ ಗೊತ್ತಾಗಿರಲಿಕ್ಕಿಲ್ಲ ಅಂತಲೇ ನಾನು ನಂಬಿದ್ದೇನೆ. ಮರುದಿನದಿಂದ ಐದು ಲಕ್ಷದ ನೋಟುಗಳನ್ನೆಲ್ಲ ನನ್ನ ಕುಂಕುಮದ ಪುಟ್ಟ ಚೀಲದಲ್ಲಿ ಬೇರೆ ಇಟ್ಟೆ. ಗುರುತು ಬೇಕೆಂದರೆ ನೋಟಿನ ಹಿಂದೆ ನೋಡಿ. 20,000ದ ನೋಟಿನ ಹಿಂದೆ ಹೋಯಿ ಆನ್‌ನ ಜಪಾನೀ ಸೇತುವೆ ಇದೆ. ದೊಡ್ಡ ನೋಟಿನ ಹಿಂದೆ ಹೋ ಚಿ ಮಿನ್ ಅವರ ಊರಿನ ಮನೆ.

ರಸ್ತೆ ದಾಟುವುದರ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಬೆಂಗಳೂರಿನಲ್ಲಿ ಇರುವವರಿಗೆ ಅದೇನು ಮಹಾ ಅಂತ ನಾವು ಅಂದುಕೊಂಡಿದ್ದೆವು. ಆದರೆ ನಮ್ಮ ಅಭ್ಯಾಸವೇ ಅಲ್ಲಿ ಅಡ್ಡ ಬಂತು. ನಾವು ಕೈ ತೋರಿಸಿ ಓಡುತ್ತೇವೆ, ಮಧ್ಯೆ ನಿಲ್ಲುತ್ತೇವೆ, ಮತ್ತೆ ಓಡುತ್ತೇವೆ. ಅಲ್ಲಿ ಬೈಕಿನವರು ನಾವು ಇನ್ನೆರಡು ಕ್ಷಣಕ್ಕೆ ಎಲ್ಲಿರುತ್ತೇವೆ ಅಂತ ಅಂದಾಜು ಮಾಡಿ ಪಕ್ಕಕ್ಕೆ ಬಳಸಿಕೊಂಡು ಹೋಗುತ್ತಾರೆ. ಓಡಿದರೆ, ಗಕ್ಕನೆ ನಿಂತರೆ ಆ ಅಂದಾಜು ತಪ್ಪುತ್ತದೆ. ಜೊತೆಗೆ ಅಲ್ಲಿ ವಾಹನಗಳು ಬಲಗಡೆ ಓಡುತ್ತವೆ, ಹಾಗಾಗಿ ಮೊದಲು ಎಡಕ್ಕೆ ನೋಡಬೇಕು. ಇವರು ಅಭ್ಯಾಸಬಲದಿಂದ ಬಲಕ್ಕೆ ನೋಡಿ ಕಾಲಿಟ್ಟರು. ಒಂದು ಬೈಕಿನ ಕನ್ನಡಿ ಮೊಣಕೈಗೆ ತಾಗಿ ಹೋಯಿತು. ಗಾಯವಾಗಲಿಲ್ಲ, ಆದರೆ ಇಬ್ಬರೂ ಕೆರೆಯ ಬಡಗಣ ತುದಿಯ ವೃತ್ತದಲ್ಲಿ ಅರ್ಧ ಗಂಟೆ ಸುಮ್ನೆ ನಿಂತುಬಿಟ್ಟೆವು, ಜನ ಹೇಗೆ ದಾಟುತ್ತಾರೆ ಅಂತ ನೋಡುತ್ತಾ. ಯಾರೂ ಅವಸರ ಮಾಡುವುದಿಲ್ಲ. ಅಂಗಳದಲ್ಲಿ ನಡೆದ ಹಾಗೆ ಒಂದೇ ವೇಗದಲ್ಲಿ ನಡೆಯುತ್ತಾರೆ. ಕಾರು, ಬಸ್ಸಿಗೆ ಮಾತ್ರ ಹಾಗೆ ಮಾಡಬೇಡಿ, ಅವು ಬಳಸಿಕೊಂಡು ಹೋಗಲಾರವು, ನಾವೇ ಕಾಯಬೇಕು.

ಊಟದ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆಯದ್ದಾಗಿತ್ತು. ಇವರು ಮೊಟ್ಟೆ ತಿನ್ನುತ್ತಾರೆ, ನಾನು ಅದೂ ಇಲ್ಲ. ಮೊದಲ ದಿನ ತರಕಾರಿ ಹಾಕಿದ ನೂಡಲ್ ಸೂಪ್ ತರಿಸಿದೆ. ಮೇಲೆ ಸೊಪ್ಪು, ಅಣಬೆ. ಬಾಯಿಗಿಟ್ಟರೆ ವಾಸನೆ ಬೇರೆ. ಸಾರು ದನದ ಮೂಳೆಯದ್ದು. ಎದ್ದು ಬಂದು ರೂಮಿನಲ್ಲಿ ಅತ್ತೆಯ ಅವಲಕ್ಕಿ ತಿಂದು, ಊರಿಗೆ ಹೋಗಿಬಿಡೋಣ ಅಂತ ಅತ್ತುಬಿಟ್ಟೆ. ತರಕಾರಿ ಅಂದರೆ ಸಸ್ಯಾಹಾರ ಅಂತ ಅಲ್ಲಿ ಅರ್ಥವಲ್ಲ. ಹೇಳಬೇಕಾದ ಪದ 'ಚಾಯ್', ನಮ್ಮ ಟೀ ಚಾಯ್‌ಗೆ ಹತ್ತಿರ, ಆದರೆ ಅದಕ್ಕಿಂತ ಸ್ವಲ್ಪ ಗಿಡ್ಡ. 'ತೊಯ್ ಆನ್ ಚಾಯ್' ಅಂದರೆ ನಾನು ಸಸ್ಯಾಹಾರಿ. ಬೌದ್ಧರ ಅಡುಗೆ ಅದು, ಮೀನಿನ ಸಾಸ್ ಕೂಡ ಇರುವುದಿಲ್ಲ. ಉಚ್ಚಾರ ತಪ್ಪಿದರೆ ಅರ್ಥವಾಗುವುದಿಲ್ಲ, ಅವರ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ.

ನಮ್ಮ ಎರಡನೇ ದಿನ ಹುಣ್ಣಿಮೆ. ಹೊಸ ವರ್ಷದ ಮೊದಲ ಹುಣ್ಣಿಮೆ ಅವರಿಗೆ ದೊಡ್ಡದು. ಯಜಮಾನಿ ಬಾಗಿಲ ಮುಂದೆ ಸಣ್ಣ ಮೇಜಿಟ್ಟು ಹಣ್ಣು, ಹೂವು, ಊದುಬತ್ತಿ ಇಟ್ಟಿದ್ದರು. ಹಾಂಗ್ ಮಾ ಬೀದಿಯಿಂದ ತಂದ ಕಾಗದದ ಹಣವನ್ನು ಡಬ್ಬಿಯಲ್ಲಿ ಸುಡುತ್ತಿದ್ದರು, ಹಿರಿಯರಿಗೆ ಅಂತ. ನಾನು ಫೋನಿನಲ್ಲಿ ಚಾಯ್ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ಪಾಡ್ಯ ಮತ್ತು ಹುಣ್ಣಿಮೆಗೆ ನಾನೂ ಮಾಂಸ ತಿನ್ನುವುದಿಲ್ಲ ಅಂತ ಅವರು ಬರೆದು ತೋರಿಸಿದರು. ಛತ್ರಿ ತೆಗೆದುಕೊಂಡು ಜೊತೆಗೇ ಬಂದು ಎರಡು ಸಂದಿ ಆಚೆಗಿನ ಅಂಗಡಿ ತೋರಿಸಿದರು. ಅನ್ನ, ಟೊಮೆಟೊ ಹಾಕಿದ ತೋಫು, ಬೆಳ್ಳುಳ್ಳಿ ಹಾಕದೆ ಬಾಡಿಸಿದ ಸೊಪ್ಪು, 40,000 ಡಾಂಗ್. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಎರಡು ತಟ್ಟೆ ಊಟ ಮಾಡಿದೆ. ಜೊತೆಗೆ ಚಟ್ನಿಪುಡಿ.

ಬೆಳಗಿನ ತಿಂಡಿಗೆ ಸೊಯ್ ಸೆವೊ ಕೇಳಿ. ಅರಿಶಿನ ಹಾಕಿ ಬೇಯಿಸಿದ ಅಂಟು ಅಕ್ಕಿಯ ಅನ್ನ. ಅದರ ಮೇಲೆ ಬೇಯಿಸಿ ಉಂಡೆ ಕಟ್ಟಿದ ಹೆಸರುಬೇಳೆಯನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಉದುರಿಸುತ್ತಾರೆ, ಮೇಲೆ ಹುರಿದ ಈರುಳ್ಳಿ, ಬಾಳೆ ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಬಿಚ್ಚಿದರೆ ನಮ್ಮ ಹುಗ್ಗಿಯ ನೆನಪು. ಕೆಲವರು ಮೇಲೆ ಕೊಬ್ಬು ಸುರಿಯುತ್ತಾರೆ, ಮೊದಲೇ ಬೇಡ ಅನ್ನಿ. ಇವರಿಗೆ ಇಷ್ಟವಾದದ್ದು ಮೊಟ್ಟೆ ಕಾಫಿ. 1946ರಲ್ಲಿ ಹಾಲಿಗೆ ಬರ ಬಂದಾಗ ಹೋಟೆಲಿನ ಕೆಲಸಗಾರರೊಬ್ಬರು ಮೊಟ್ಟೆಯ ಹಳದಿ ಕಡೆದು ಹಾಕಿ ಮಾಡಿದ್ದಂತೆ. ನಾನು ಕಪ್ಪು ಕಾಫಿ ಕುಡಿದೆ. ಲೋಟದ ಮೇಲೆ ಸಣ್ಣ ತಗಡಿನ ಫಿಲ್ಟರ್ ಇಟ್ಟು ಹನಿ ಹನಿ ಇಳಿಸುತ್ತಾರೆ, ನಮ್ಮ ಮನೆಯ ಡಿಕಾಕ್ಷನ್ನಿಗಿಂತ ಗಟ್ಟಿ.

ಮೂರನೇ ದಿನ ಒಂದಿಷ್ಟು ನೋಡಿದೆವು. 1070ರಲ್ಲಿ ಕಟ್ಟಿದ ಸಾಹಿತ್ಯ ದೇವಾಲಯದಲ್ಲಿ ರಾಜರ ಕಾಲದ ಪರೀಕ್ಷೆ ಗೆದ್ದವರ ಹೆಸರು ಕೆತ್ತಿದ 82 ಶಾಸನ ಕಲ್ಲುಗಳಿವೆ, ಪ್ರತಿಯೊಂದೂ ಕಲ್ಲಿನ ಆಮೆಯ ಬೆನ್ನ ಮೇಲೆ. ನಾನು ಹೆಸರಿನ ತೊಂದರೆ ಅನುಭವಿಸಿ ಬಂದವಳು, ಆ ಹೆಸರುಗಳ ಮುಂದೆ ತುಂಬಾ ಹೊತ್ತು ನಿಂತೆ. ಸಂಜೆ ಲಾಂಗ್ ಬಿಯೆನ್ ಸೇತುವೆ ಮೇಲೆ ನಡೆದೆವು. ಫ್ರೆಂಚರು 1902ರಲ್ಲಿ ಮುಗಿಸಿದ ಸೇತುವೆ. ಆ ಸೇತುವೆ ಮೇಲೆ ವಾಹನಗಳು ನಮ್ಮ ಹಾಗೆ ಎಡಗಡೆ ಓಡುತ್ತವೆ.

ಖರ್ಚು ಕೇಳುವವರಿಗೆ: ವಿಮಾನ, ವೀಸಾ ಬಿಟ್ಟು ಮೂರು ದಿನಕ್ಕೆ ಇಬ್ಬರಿಗೆ ಸುಮಾರು 36 ಲಕ್ಷ ಡಾಂಗ್ ಆಯಿತು, ಅಂದರೆ ಹನ್ನೆರಡೂವರೆ ಸಾವಿರ ರೂಪಾಯಿ ಹತ್ತಿರ. ಅದರಲ್ಲಿ ಜೋಳದ್ದೂ ಸೇರಿದೆ.

ನಾಲ್ಕನೇ ಬೆಳಗ್ಗೆ ನಿನ್ಹ್ ಬಿನ್ಹ್ ಅನ್ನುವ ಊರಿಗೆ ಹೊರಟೆವು. ಯಜಮಾನಿ ಡ್ರಾಯರ್ ತೆಗೆದು ಪಾಸ್‌ಪೋರ್ಟುಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಇವರ ಜೀನ್ಸ್ ಇನ್ನೂ ಒದ್ದೆಯೇ ಇತ್ತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ಮೇಲೆ ಕಟ್ಟಿಕೊಂಡು ಸ್ಟೇಷನ್ನಿನ ಕಡೆ ನಡೆದೆವು.